ಕ್ಯಾಮೆರಾ ಕಲಿಕೆ ಹಾವೇರಿಗೂ ಬರಲಿ

ಭಾರತೀಯ ಚಿತ್ರರಂಗದ ಅತ್ಯುನ್ನತ ಗೌರವವಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದದ್ದು 1969ರಲ್ಲಿ. ನಟ–ನಟಿಯರು, ನಿರ್ದೇಶಕರು, ನಿರ್ಮಾಪಕರು, ಗಾಯಕರು, ಸಂಗೀತ ಸಂಯೋಜಕರು ಅದನ್ನು ಪಡೆಯುತ್ತ ಬಂದರು. ಛಾಯಾಗ್ರಹಣದ ಕಸುಬಿಗಾಗಿಯೇ ಒಬ್ಬರಿಗೆ ಅದು ಮೊದಲ ಬಾರಿ ಸಂದದ್ದು 2008ನೇ ಸಾಲಿನಲ್ಲಿ, ಪ್ರದಾನವಾದದ್ದು 2010ರಲ್ಲಿ. ಪಡೆದವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ ವಿ.ಕೆ. ಮೂರ್ತಿ. ‘ಪ್ಯಾಸಾ’, ‘ಕಾಗಜ್ ಕೇ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳ ಬೆಳಕು–ನೆರಳನ್ನು ರೂಪಿಸಿದ ಅವರನ್ನು ನಾವು ಅಪರೂಪದ ಪ್ರತಿಭೆ ಎಂದು ಕೊಂಡಾಡುತ್ತೇವೆ. ಆ ಮಾತು ಸರಿಯೇ, ಆದರೆ ಅಷ್ಟೇ ಹೇಳಿ ಸುಮ್ಮನಾದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಮೂರ್ತಿಯವರ ವೃತ್ತಿಬದುಕನ್ನು ಮೊದಲಿನಿಂದ ಗಮನಿಸಿದರೆ, ಅದರ ಬುಡದಲ್ಲಿ ಸರ್ಕಾರ ನಡೆಸುತ್ತಿದ್ದ ಒಂದು ಪಾಲಿಟೆಕ್ನಿಕ್, ಆರು ವರ್ಷಗಳ ಸಹಾಯಕನ ದುಡಿಮೆ ಮತ್ತು ಹೊಸಬನನ್ನು ನಂಬಿದ ಒಬ್ಬ ನಿರ್ದೇಶಕ ಕಾಣುತ್ತಾರೆ. ಇವುಗಳಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದೆರಡು ಒದಗಿಬರುವ ಸಾಧ್ಯತೆ ತೀರ ಕಡಿಮೆಯಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗ ಹುಡುಗಿಯರಿಗೆ ಇಂದು ಇಲ್ಲದಿರುವುದೂ ಆ ಮೊದಲನೆಯದೇ. ಛಾಯಾಗ್ರಹಣದ ಸರ್ಕಾರಿ ಡಿಪ್ಲೊಮಾ ಕೋರ್ಸೊಂದನ್ನು ಹಾವೇರಿ ಜಿಲ್ಲೆಯಲ್ಲಿ ಆರಂಭಿಸಬೇಕು ಎಂಬ ವಾದವನ್ನು ಮೂರ್ತಿಯವರ ಬದುಕನ್ನೇ ಸಾಕ್ಷಿಯಾಗಿಟ್ಟುಕೊಂಡು ಮಂಡಿಸುತ್ತಿದ್ದೇನೆ.

ಮೂರ್ತಿ ಪಿಟೀಲು ಕಲಿತಿದ್ದವರು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ಸಿನಿಮಾದ ಹುಚ್ಚಿನಿಂದ ಹದಿಹರೆಯದಲ್ಲೇ ಮುಂಬೈಗೆ ಹೋಗಿ, ಏನೂ ಗಿಟ್ಟದೆ ವಾಪಸಾಗಿದ್ದರು. ಅದೇ ವ್ಯಕ್ತಿ ಎರಡನೇ ಸಲ ಮುಂಬೈಗೆ ಹೋದಾಗ ಕೈಯಲ್ಲಿ ಡಿಪ್ಲೊಮಾ ಇತ್ತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1943ರಿಂದ 1946ರವರೆಗೆ ಛಾಯಾಗ್ರಹಣ ಓದಿದ ಮೊದಲ ತಂಡದವರಲ್ಲಿ ಅವರೂ ಒಬ್ಬರು. ಇಸವಿಯನ್ನು ಗಮನಿಸಬೇಕು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ 17 ವರ್ಷ ಮೊದಲು, ಮಹಾಯುದ್ಧದ ನಡುವೆ, ಕನ್ನಡ ಚಿತ್ರೋದ್ಯಮ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಮೈಸೂರು ಸಂಸ್ಥಾನ ಸಿನಿಮಾ ಕ್ಯಾಮೆರಾವನ್ನು ಪಾಲಿಟೆಕ್ನಿಕ್‌ನ ಪಾಠವನ್ನಾಗಿ ಮಾಡಿತ್ತು. ಉದ್ಯಮ ಬೆಳೆದ ಮೇಲೆ ಶಾಲೆ ತೆರೆಯೋಣ ಎಂದು ಆಗಿನ ಆಡಳಿತ ಕಾದು ಕೂರಲಿಲ್ಲ. ಕ್ಯಾಮೆರಾ ಕೆಲಸವೂ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಕೆಲಸಗಳಂತೆ ಕಲಿಸಬಹುದಾದ, ಕಲಿತು ಅನ್ನ ಸಂಪಾದಿಸಬಹುದಾದ ವಿದ್ಯೆ ಎಂದು ಅದು ಒಪ್ಪಿಕೊಂಡಿತ್ತು. ಆ ಒಪ್ಪಿಗೆಯ ಫಲ ಮೂರ್ತಿಯವರೊಬ್ಬರಿಗೇ ನಿಲ್ಲಲಿಲ್ಲ. ಕರಾಚಿಯಲ್ಲಿ ಹುಟ್ಟಿದ ಗೋವಿಂದ ನಿಹಲಾನಿ ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಡಿಪ್ಲೊಮಾ ಮುಗಿಸಿ, ಮೂರ್ತಿಯವರ ಸಹಾಯಕರಾಗಿ ದುಡಿದು, ‘ಅಂಕುರ್’, ‘ನಿಶಾಂತ್’, ‘ಮಂಥನ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ‘ಜುನೂನ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಗಿರೀಶ ಕಾರ್ನಾಡರ ‘ಕಾಡು’ ಚಿತ್ರದ ಛಾಯಾಗ್ರಾಹಕರೂ ಅವರೇ. ಒಂದು ಸರ್ಕಾರಿ ಕೋರ್ಸು ಒಬ್ಬನನ್ನು ರೂಪಿಸಿತು, ಅವನು ಇನ್ನೊಬ್ಬನನ್ನು ರೂಪಿಸಿದ, ಆ ಇನ್ನೊಬ್ಬ ಕನ್ನಡಕ್ಕೂ ಹಿಂದಿಗೂ ಹೊಸ ಕಣ್ಣು ಕೊಟ್ಟ. ಸಾರ್ವಜನಿಕ ಹಣ ಹೀಗೆ ತಲೆಮಾರುಗಳನ್ನು ದಾಟಿ ಫಲ ಕೊಟ್ಟ ಉದಾಹರಣೆ ನಮ್ಮ ಕಲಾಲೋಕದಲ್ಲಿ ಹೆಚ್ಚಿಲ್ಲ.

ಡಿಪ್ಲೊಮಾ ಸಿಕ್ಕಿದ ಕೂಡಲೇ ಮೂರ್ತಿಯವರಿಗೆ ಕ್ಯಾಮೆರಾ ಸಿಗಲಿಲ್ಲ ಎಂಬುದೂ ಅಷ್ಟೇ ಮುಖ್ಯ. 1946ರಿಂದ 1952ರವರೆಗೆ ಅವರು ಸಹಾಯಕರಾಗಿದ್ದರು. ಫಾಲಿ ಮಿಸ್ತ್ರಿಯವರಂಥ ಹಿರಿಯರ ಕೈಕೆಳಗೆ ದುಡಿದರು. 1951ರ ‘ಬಾಜಿ’ ಚಿತ್ರಕ್ಕೆ ವಿ. ರಾತ್ರಾ ಛಾಯಾಗ್ರಾಹಕರು, ಮೂರ್ತಿ ಅವರ ಸಹಾಯಕ. ಆ ಚಿತ್ರದ ಹಾಡೊಂದರಲ್ಲಿ ಕ್ಯಾಮೆರಾ ಚಲನೆಯ ಕ್ಲಿಷ್ಟ ಶಾಟ್ ಒಂದನ್ನು ತಾನೇ ತೆಗೆಯುವುದಾಗಿ ಈ ಸಹಾಯಕ ಮುಂದೆ ಬಂದದ್ದನ್ನೂ ತೆಗೆದು ತೋರಿಸಿದ್ದನ್ನೂ ನಿರ್ದೇಶಕ ಗುರುದತ್ ಗಮನಿಸಿದರು. ಮರುವರ್ಷದ ‘ಜಾಲ್’ ಚಿತ್ರಕ್ಕೆ ಮೂರ್ತಿಯವರೇ ಛಾಯಾಗ್ರಾಹಕರಾದರು. ಅಲ್ಲಿಂದ 1962ರವರೆಗೆ ಇಬ್ಬರದೂ ಬಿಡದ ಜೋಡಿ. ಇಲ್ಲಿ ಅದೃಷ್ಟದ ಪಾಲು ಇಲ್ಲವೆಂದಲ್ಲ. ಆದರೆ ಅವಕಾಶ ಎದುರಿಗೆ ಬಂದ ಗಳಿಗೆಯಲ್ಲಿ ಆ ಶಾಟನ್ನು ತೆಗೆಯುವ ತಾಕತ್ತು ಕೈಯಲ್ಲಿರದಿದ್ದರೆ ಅದೃಷ್ಟ ಏನನ್ನೂ ಮಾಡುತ್ತಿರಲಿಲ್ಲ. ಆ ತಾಕತ್ತು ಬಂದದ್ದು ಲೆನ್ಸ್, ಎಕ್ಸ್‌ಪೋಷರ್, ಫಿಲ್ಮ್ ಸಂಸ್ಕರಣೆಯ ಶಾಸ್ತ್ರವನ್ನು ಕೂತು ಕಲಿತದ್ದರಿಂದ ಮತ್ತು ಕಲಿತದ್ದನ್ನು ವರ್ಷಗಟ್ಟಲೆ ಸೆಟ್ಟಿನಲ್ಲಿ ತಿದ್ದಿಕೊಂಡದ್ದರಿಂದ.

ಆ ಕಲಿಕೆ ಎಂಥದು ಎಂಬುದಕ್ಕೆ 1959ರ ‘ಕಾಗಜ್ ಕೇ ಫೂಲ್’ ಚಿತ್ರದ ಒಂದು ದೃಶ್ಯವನ್ನು ಹತ್ತಿರದಿಂದ ನೋಡಿದರೆ ಸಾಕು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಗೀತಾ ದತ್ ಹಾಡಿದ ಪ್ರಸಿದ್ಧ ಗೀತೆಯಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಯೊಳಗೆ ಮೇಲಿನಿಂದ ಒಂದು ದಪ್ಪ ಬೆಳಕಿನ ಕೋಲು ಇಳಿಯುತ್ತದೆ. ಗುರುದತ್ ಮತ್ತು ವಹೀದಾ ರೆಹಮಾನ್ ಅದರ ಅಂಚಿನಲ್ಲಿ ನಿಲ್ಲುತ್ತಾರೆ. ಸ್ಟುಡಿಯೊ ದೀಪದಿಂದ ಅಂಥ ಬೆಳಕು ಬರುವುದು ಕಷ್ಟ. ದೀಪದ ಬೆಳಕು ಮೂಲದಿಂದ ದೂರ ಹೋದಂತೆಲ್ಲ ಹರಡುತ್ತದೆ. ಸೂರ್ಯನ ಕಿರಣಗಳಾದರೋ ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಹಾಗಾಗಿ ಮೂರ್ತಿ ಹೊರಗಿನ ಬಿಸಿಲನ್ನೇ ಒಳಗೆ ತಂದರು. ಒಂದು ದೊಡ್ಡ ಕನ್ನಡಿ ಬಿಸಿಲನ್ನು ಹಿಡಿದು ಒಳಕ್ಕೆ ಎಸೆಯಿತು, ಎರಡನೆಯದು ಅದನ್ನು ಬೇಕಾದ ಕೋನಕ್ಕೆ ತಿರುಗಿಸಿತು. ಇಂಥ ಕೆಲಸದ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಾನೆ. ಕನ್ನಡಿಯನ್ನು ಆಗಾಗ ತಿರುಗಿಸದಿದ್ದರೆ ಬೆಳಕು ಜಾಗ ಬಿಟ್ಟುಹೋಗುತ್ತದೆ. ಗಾಳಿಯಲ್ಲಿ ದೂಳೋ ಹೊಗೆಯೋ ಇರದಿದ್ದರೆ ಬೆಳಕಿನ ಕೋಲು ಕಣ್ಣಿಗೆ ಕಾಣುವುದೇ ಇಲ್ಲ. ಆ ಪ್ರಖರ ಬೆಳಕಿಗೂ ಸುತ್ತಲಿನ ಕತ್ತಲೆಗೂ ಇರುವ ಅಂತರವನ್ನು ಫಿಲ್ಮು ತಾಳಿಕೊಳ್ಳುವಂತೆ ಎಕ್ಸ್‌ಪೋಷರ್ ಲೆಕ್ಕ ಹಾಕಬೇಕು. ಪ್ರೇಕ್ಷಕನಿಗೆ ಅದು ವಿರಹದ ದೃಶ್ಯ, ತೆಗೆದವನಿಗೆ ಭೌತಶಾಸ್ತ್ರದ ಲೆಕ್ಕ. ಲೆಕ್ಕ ಸರಿಯಾದ್ದರಿಂದಲೇ ವಿರಹ ಮನಸ್ಸಿಗೆ ತಟ್ಟಿತು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತರೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ತಂದುಕೊಟ್ಟಿತು.

ಮೂರು ವರ್ಷ ಬಿಟ್ಟು ಬಂದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಅದೇ ಪ್ರಶಸ್ತಿಯನ್ನು ಮತ್ತೆ ಗಳಿಸಿತು. ಅದರ ಕೋಠಾದ ಹಾಡೊಂದರಲ್ಲಿ ಮುಖ್ಯ ನರ್ತಕಿಯ ಮೇಲೆ ಮಾತ್ರ ಬೆಳಕಿದೆ. ಹಿಂದೆ ಕುಣಿಯುವವರೆಲ್ಲ ಹಾಡಿನುದ್ದಕ್ಕೂ ನೆರಳಲ್ಲೇ ಇರುತ್ತಾರೆ, ಅವರ ಮುಖ ಒಮ್ಮೆಯೂ ಸ್ಪಷ್ಟವಾಗಿ ಕಾಣುವುದಿಲ್ಲ. ಯಾರನ್ನು ತೋರಿಸಬೇಕು ಎಂಬುದರಷ್ಟೇ ಯಾರನ್ನು ತೋರಿಸಬಾರದು ಎಂಬುದೂ ಛಾಯಾಗ್ರಾಹಕನ ತೀರ್ಮಾನ. ಮುಂದೆ 1988ರಲ್ಲಿ ನಿಹಲಾನಿಯವರ ‘ತಮಸ್’ ಮತ್ತು ಶ್ಯಾಮ್ ಬೆನಗಲ್ ಅವರ ‘ಭಾರತ್ ಏಕ್ ಖೋಜ್’ ಧಾರಾವಾಹಿಗಳಿಗೆ ಮೂರ್ತಿ ಕ್ಯಾಮೆರಾ ಹಿಡಿದರು. ಹಿಂದೆ ತನ್ನ ಸಹಾಯಕನಾಗಿದ್ದವನ ನಿರ್ದೇಶನದಲ್ಲಿ ಗುರು ದುಡಿದ ಪ್ರಸಂಗ ‘ತಮಸ್’. ಕನ್ನಡದಲ್ಲಿ ಅವರು ಮಾಡಿದ್ದು 1993ರ ‘ಹೂವು ಹಣ್ಣು’. ತ್ರಿವೇಣಿಯವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ. ಕನ್ನಡ ನೆಲದಲ್ಲಿ ಕಲಿತ ಇಂಥ ಛಾಯಾಗ್ರಾಹಕನಿಂದ ಕನ್ನಡ ಚಿತ್ರರಂಗ ಇಷ್ಟೇ ಪಡೆದುಕೊಂಡಿತು ಎಂಬುದು ನೋವಿನ ಸಂಗತಿ. 2014ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ಹಾವೇರಿಯ ಕಡೆ ನೋಡೋಣ. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 16 ಲಕ್ಷ. ಹಾವೇರಿಯಲ್ಲಿ, ರಾಣೆಬೆನ್ನೂರಿನಲ್ಲಿ, ಬ್ಯಾಡಗಿಯಲ್ಲಿ ಕ್ಯಾಮೆರಾ ಹಿಡಿದು ಬದುಕುವವರಿಗೇನೂ ಕೊರತೆಯಿಲ್ಲ. ಮದುವೆ, ಸೀಮಂತ, ಜಾತ್ರೆ, ಗೃಹಪ್ರವೇಶಗಳಿಗೆ ಫೋಟೊ, ವಿಡಿಯೊ ಮಾಡುವ ಸ್ಟುಡಿಯೊಗಳಿವೆ. ಡ್ರೋನ್ ಹಾರಿಸುವ, ಮೊಬೈಲಿನಲ್ಲೇ ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಹಾಕುವ ಯುವಕರಿದ್ದಾರೆ. ಇವರಲ್ಲಿ ಹೆಚ್ಚಿನವರು ಕಲಿತದ್ದು ಅಂಗಡಿಯಲ್ಲಿ, ಅಣ್ಣನಿಂದಲೋ ಮಾಲೀಕನಿಂದಲೋ. ಆ ಕಲಿಕೆಗೆ ಒಂದು ಮಿತಿಯಿದೆ. ಯಾವ ಗುಂಡಿ ಒತ್ತಬೇಕು ಎಂಬುದನ್ನು ಅದು ಹೇಳಿಕೊಡುತ್ತದೆ. ಏಕೆ ಒತ್ತಬೇಕು ಎಂಬುದನ್ನು ಹೇಳುವವರು ಇರುವುದಿಲ್ಲ. ಮಾಲೀಕನಿಗೆ ಗೊತ್ತಿರುವಲ್ಲಿಗೆ ಹುಡುಗನ ಕಲಿಕೆಯೂ ನಿಲ್ಲುತ್ತದೆ. ಹುಡುಗಿಯರಿಗಂತೂ ಆ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ರಾತ್ರಿ ಹೊತ್ತು ಊರೂರು ಅಲೆಯುವ ಅಂಗಡಿ ಕೆಲಸಕ್ಕೆ ಮಗಳನ್ನು ಕಳಿಸುವ ತಂದೆ ತಾಯಿ ವಿರಳ. ತಾಲ್ಲೂಕು ಕೇಂದ್ರದಲ್ಲಿ ಸರ್ಕಾರಿ ಕೋರ್ಸು ಇದ್ದರೆ ಅದೇ ತಂದೆ ತಾಯಿ ಬಸ್ ಪಾಸು ಮಾಡಿಸಿ ಕಳಿಸುತ್ತಾರೆ.

ಶಾಸ್ತ್ರ ಗೊತ್ತಿರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿಗೆ ಬ್ಯಾಡಗಿ ಮೆಣಸಿನಕಾಯಿಯೇ ಉತ್ತರ. ಕಡ್ಡಿ, ಡಬ್ಬಿ ಎಂಬ ಬಗೆಗಳ ಈ ಕಾಯಿಗೆ ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ ಹೆಸರು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಾರುಕಟ್ಟೆಯ ಅಂಗಳದಲ್ಲಿ ರಾಶಿ ಬಿದ್ದ ಕಾಯಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಮೊಬೈಲಿನಿಂದ ಚಿತ್ರೀಕರಿಸಿ ನೋಡಿ. ರಾಶಿ ಒಂದೇ ಕೆಂಪು ಬಟ್ಟೆಯಂತೆ ಕಾಣುತ್ತದೆ. ಆ ಕಾಯಿಯ ಹೆಗ್ಗುರುತಾದ ಸುಕ್ಕುಗಳು ಮಾಯವಾಗಿರುತ್ತವೆ. ಕಾರಣವಿದೆ. ಸಾಮಾನ್ಯ ಡಿಜಿಟಲ್ ಸೆನ್ಸರಿನ ಬೆಳಕಿನ ಚುಕ್ಕಿಗಳಲ್ಲಿ ಅರ್ಧದಷ್ಟು ಹಸಿರಿಗೆ ಮೀಸಲು, ಕಾಲು ಭಾಗ ನೀಲಿಗೆ, ಕೆಂಪಿಗೆ ಉಳಿಯುವುದು ಕಾಲು ಭಾಗ ಮಾತ್ರ. ಗಾಢ ಕೆಂಪನ್ನು ಬಿಸಿಲಲ್ಲಿ ತೆಗೆದಾಗ ಒಟ್ಟಾರೆ ಬೆಳಕಿನ ಅಳತೆ ಸರಿಯಿದ್ದಂತೆ ತೋರಿದರೂ ಕೆಂಪಿನ ಪಾಲು ಮಾತ್ರ ಮಿತಿ ಮೀರಿ, ವಿವರವೆಲ್ಲ ಅಳಿಸಿಹೋಗುತ್ತದೆ. ಕಲಿತವನು ಮೂರೂ ಬಣ್ಣಗಳ ಅಳತೆಯನ್ನು ಬೇರೆ ಬೇರೆಯಾಗಿ ನೋಡುತ್ತಾನೆ, ಎಕ್ಸ್‌ಪೋಷರ್ ತಗ್ಗಿಸುತ್ತಾನೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯುತ್ತಾನೆ. ಒಂದೊಂದು ಸುಕ್ಕಿಗೂ ನೆರಳು ಬಿದ್ದು ಕಾಯಿಯ ಮೈ ಎದ್ದು ಕಾಣುತ್ತದೆ. ಕಪ್ಪು ಮೈಯ ಗಂಡು, ತಿಳಿಗಂದು ಮೈಯ ಹೆಣ್ಣು ಒಟ್ಟಿಗೆ ಮೇಯುವ ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲೂ ಹೀಗೆಯೇ ಲೆಕ್ಕ ಬೇಕು. 1974ರಲ್ಲಿ ಘೋಷಣೆಯಾದ, 119 ಚದರ ಕಿಲೊಮೀಟರ್ ವಿಸ್ತೀರ್ಣದ ಆ ಅಭಯಾರಣ್ಯ ಊರ ಪಕ್ಕದಲ್ಲೇ ಇದೆ. ಅದನ್ನು ಹತ್ತು ವರ್ಷ ಪಟ್ಟುಹಿಡಿದು ಚಿತ್ರೀಕರಿಸಬಲ್ಲವನು ದೂರದಿಂದ ವಾರಕ್ಕೊಮ್ಮೆ ಬಂದುಹೋಗುವವನಲ್ಲ, ಅಲ್ಲೇ ಬದುಕುವವನು.

ಹತ್ತಿರದಲ್ಲೇ ಉಚಿತ ಕಲಿಕೆ ದೊರೆತರೆ ಏನಾಗುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲೇ ಪುರಾವೆಯಿದೆ, ಅದೂ ಸಂಗೀತದಲ್ಲಿ. ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳೂ ಇದೇ ಜಿಲ್ಲೆಯವರು. ಇಬ್ಬರಿಗೂ ಕಣ್ಣಿರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳ ಆಸರೆ ಸಿಗದಿದ್ದರೆ, ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟದಿದ್ದರೆ ಅವರ ಪ್ರತಿಭೆ ಹಳ್ಳಿಯ ಭಜನೆಯಾಚೆ ಕೇಳಿಸುತ್ತಿರಲಿಲ್ಲ. ಆ ಆಸರೆ, ಆಶ್ರಮ ಇದ್ದದ್ದರಿಂದ ಅವರು ಬೆಳೆದರು. ನೂರಾರು ಅಂಧ ಹಾಗೂ ಬಡ ಮಕ್ಕಳು ಅಲ್ಲಿ ಊಟ, ವಸತಿಯ ಜೊತೆಗೆ ರಾಗ, ತಾಳ ಕಲಿತು ಹೊರಬಂದರು. ಮೂರ್ತಿಯವರು ಫಾಲ್ಕೆ ಪ್ರಶಸ್ತಿ ಸ್ವೀಕರಿಸಿದ 2010ರಲ್ಲೇ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಬಂತು. ಕ್ಷೇತ್ರ ಬೇರೆ, ಊರು ಬೇರೆ. ಆದರೆ ಎರಡೂ ಪ್ರಶಸ್ತಿಗಳ ಹಿಂದೆ ಕಲಿಯಬಯಸಿದವನಿಗೆ ಬಾಗಿಲು ತೆರೆದ ಒಂದೊಂದು ಸಂಸ್ಥೆಯಿತ್ತು. ಸಂಗೀತಕ್ಕೆ ಮಠ ಮಾಡಿದ ಕೆಲಸವನ್ನು ಛಾಯಾಗ್ರಹಣಕ್ಕೆ ಮಾಡಬೇಕಾದದ್ದು ಸರ್ಕಾರ, ಏಕೆಂದರೆ ಕ್ಯಾಮೆರಾ, ಲೆನ್ಸ್, ದೀಪಗಳ ಖರ್ಚನ್ನು ದಾನಧರ್ಮದಿಂದ ತೂಗಿಸಲಾಗದು.

ಇದಕ್ಕೆ ಬರುವ ಮೊದಲ ಆಕ್ಷೇಪ, ಪ್ರತಿಭೆಯಿದ್ದವನು ಶಾಲೆಯಿಲ್ಲದೆಯೂ ಬೆಳೆಯುತ್ತಾನೆ ಎಂಬುದು. ಮೈಸೂರಿನ ಕೃಪಾಕರ–ಸೇನಾನಿ ಜೋಡಿಯನ್ನು ಉದಾಹರಿಸಬಹುದು. ಸಿನಿಮಾ ಶಾಲೆಯ ಮೆಟ್ಟಿಲು ಹತ್ತದೆ, ಕಾಡುನಾಯಿಗಳ ಕುರಿತ ಚಿತ್ರಗಳಿಗೆ ವೈಲ್ಡ್‌ಸ್ಕ್ರೀನ್ ಉತ್ಸವದ ‘ಗ್ರೀನ್ ಆಸ್ಕರ್’ ಗೆದ್ದವರು ಅವರು. ಇನ್ನು ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಎಲ್ಲ ಪಾಠವೂ ಯೂಟ್ಯೂಬಿನಲ್ಲಿದೆ ಎಂಬ ವಾದವೂ ಜೊತೆಗೆ ಬರುತ್ತದೆ. ಕೃಪಾಕರ–ಸೇನಾನಿ ಅವರ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ವರ್ಷಗಳನ್ನೇ ಕಾಡಿಗೆ ಕೊಟ್ಟವರು. ಅಷ್ಟು ಕಾಲ ಗಳಿಕೆಯ ಭರವಸೆಯಿಲ್ಲದೆ ಕಾಯುವುದು ಸಾಲದ ಮೇಲೆ ಹತ್ತಿ, ಗೋವಿನಜೋಳ ಬೆಳೆಯುವ ಮನೆಯ ಮಗನಿಗೆ ಸಾಧ್ಯವಿಲ್ಲ. ಅಪವಾದಗಳನ್ನು ಮೆಚ್ಚಬೇಕು, ನೀತಿಯನ್ನು ಮಾತ್ರ ಸಾಮಾನ್ಯರಿಗಾಗಿ ರೂಪಿಸಬೇಕು. ಯೂಟ್ಯೂಬು ಪಾಠ ಹೇಳುತ್ತದೆ, ನಿಜ. ಅದು ನೀವು ತೆಗೆದ ಶಾಟನ್ನು ನೋಡಿ ಎಲ್ಲಿ ತಪ್ಪಿತು ಎಂದು ಹೇಳುವುದಿಲ್ಲ, ಪ್ರೈಮ್ ಲೆನ್ಸನ್ನು ಕೈಗೆ ಕೊಟ್ಟು ನಾಳೆ ವಾಪಸು ತಾ ಎನ್ನುವುದಿಲ್ಲ, ನಾಲ್ಕು ಜನರ ತಂಡದಲ್ಲಿ ಒಬ್ಬ ಫೋಕಸ್ ಹಿಡಿದು ಇನ್ನೊಬ್ಬ ದೀಪ ಹಿಡಿಯುವ ಶಿಸ್ತನ್ನು ಕಲಿಸುವುದಿಲ್ಲ. ಅಗ್ಗದ ಕ್ಯಾಮೆರಾ ಎಲ್ಲರ ಕೈಗೆ ಬಂದಿರುವುದರಿಂದಲೇ ಕಲಿತವರಿಗೂ ಕಲಿಯದವರಿಗೂ ನಡುವಿನ ಅಂತರ ಹಿಂದೆಂದಿಗಿಂತ ಎದ್ದು ಕಾಣುತ್ತಿದೆ.

ಎರಡನೆಯ ಆಕ್ಷೇಪ ಉದ್ಯೋಗದ್ದು. ಚಿತ್ರೋದ್ಯಮ ಇರುವುದು ಬೆಂಗಳೂರಿನಲ್ಲಿ. ಹಾವೇರಿಯಲ್ಲಿ ಕಲಿತು ಮಾಡುವುದೇನು? ಮೂರ್ತಿಯವರೇ ಮುಂಬೈಗೆ ಹೋಗಬೇಕಾಗಲಿಲ್ಲವೇ? ಹೋದರು, ಆದರೆ ಕಲಿತು ಹೋದರು. ಬರಿಗೈಯಲ್ಲಿ ಹೋದ ಮೊದಲ ಸಲ ಅವರಿಗೆ ಏನಾಯಿತೋ ಅದೇ ಇಂದು ಗಾಂಧಿನಗರಕ್ಕೆ ಬಸ್ಸು ಹತ್ತುವ ನಮ್ಮ ಹುಡುಗರಿಗೆ ಆಗುತ್ತಿದೆ. ವಿದ್ಯೆಯಿಲ್ಲದೆ ಹೋದವನು ಯೂನಿಟ್ಟಿನಲ್ಲಿ ದೀಪ ಹೊರುತ್ತ ವರ್ಷಗಳನ್ನು ಕಳೆಯುತ್ತಾನೆ. ವಿದ್ಯೆಯೊಂದಿಗೆ ಹೋದವನು ಸಹಾಯಕ ಛಾಯಾಗ್ರಾಹಕನಾಗಿ ಕೆಲಸ ಶುರುಮಾಡುವ ಸಾಧ್ಯತೆಯಿದೆ. ಅಲ್ಲದೆ ಕ್ಯಾಮೆರಾ ಕೆಲಸವೆಂದರೆ ಕಥಾಚಿತ್ರವೊಂದೇ ಅಲ್ಲ. ಸುದ್ದಿವಾಹಿನಿ, ಸಾಕ್ಷ್ಯಚಿತ್ರ, ವನ್ಯಜೀವಿ ಚಿತ್ರೀಕರಣ, ಕೃಷಿ ಮಾಹಿತಿಯ ವಿಡಿಯೊ, ಬೀಜ ಕಂಪನಿಗಳ ಪ್ರಚಾರ ಚಿತ್ರ, ಆನ್‌ಲೈನ್ ಪಾಠಗಳು ಎಲ್ಲಕ್ಕೂ ತರಬೇತಿ ಪಡೆದ ಕಣ್ಣು ಬೇಕು. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನಲ್ಲಿ, ರಾಜ್ಯದಾಚೆಗೂ ವಹಿವಾಟು ಇರುವ ಬ್ಯಾಡಗಿ ಪೇಟೆಯಲ್ಲಿ ಇಂಥ ಕೆಲಸ ಇಲ್ಲವೆನ್ನುವವರು ಊರಿನ ವ್ಯಾಪಾರವನ್ನು ಸರಿಯಾಗಿ ಗಮನಿಸಿಲ್ಲ.

ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಈಗಾಗಲೇ ಇದೆಯಲ್ಲ ಎಂಬುದು ಮೂರನೆಯ ಮಾತು. ಇದೆ, ಅದು ಮೂರ್ತಿಯವರು ಓದಿದ ಆ ಹಳೆಯ ಪಾಲಿಟೆಕ್ನಿಕ್ ವಿಭಾಗದ್ದೇ ಮುಂದುವರಿಕೆ. ಅದಕ್ಕೆ ಇನ್ನಷ್ಟು ಉಪಕರಣ, ಇನ್ನಷ್ಟು ಅಧ್ಯಾಪಕರು ಸಿಗಬೇಕು ಎನ್ನುವುದರಲ್ಲಿ ನನಗೆ ಭಿನ್ನಮತವಿಲ್ಲ. ಆದರೆ ಇಡೀ ರಾಜ್ಯಕ್ಕೆ ಒಂದೇ ಸಾಕು ಎನ್ನುವುದು ನ್ಯಾಯವಲ್ಲ. ಹಾವೇರಿಯಿಂದ ಬೆಂಗಳೂರು ಸುಮಾರು 340 ಕಿಲೊಮೀಟರ್. ಸರ್ಕಾರಿ ಶುಲ್ಕ ಎಷ್ಟೇ ಕಡಿಮೆಯಿದ್ದರೂ ರಾಜಧಾನಿಯಲ್ಲಿ ವರ್ಷಗಟ್ಟಲೆ ಬಾಡಿಗೆ ಕೊಟ್ಟು ಊಟ ಮಾಡಿ ಓದುವ ಖರ್ಚು ಶುಲ್ಕವನ್ನು ಮೀರಿಸುತ್ತದೆ. ಮೆಕ್ಯಾನಿಕಲ್ ಡಿಪ್ಲೊಮಾಕ್ಕಾಗಿ ಎಲ್ಲರೂ ಬೆಂಗಳೂರಿಗೇ ಬನ್ನಿ ಎಂದು ಸರ್ಕಾರ ಹೇಳಿದರೆ ನಾವು ಒಪ್ಪುತ್ತಿದ್ದೆವೇ? ಛಾಯಾಗ್ರಹಣವೂ ಒಂದು ತಾಂತ್ರಿಕ ಶಿಕ್ಷಣ ಎಂದು 1943ರಲ್ಲೇ ಒಪ್ಪಿಕೊಂಡ ನಾಡು ಅದನ್ನು ಇಂದಿಗೂ ಒಂದೇ ಊರಿನಲ್ಲಿ ಇಟ್ಟುಕೊಂಡಿರುವುದಕ್ಕೆ ಸಮರ್ಥನೆಯಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು ಮತ್ತು ಆದ್ಯತೆಯದು. ಬೆಲೆ ಕುಸಿದಾಗ ರೈತರ ಆಕ್ರೋಶ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಂಕಿಯಾಗಿ ಸ್ಫೋಟಿಸಿದ್ದನ್ನು 2024ರ ಮಾರ್ಚ್‌ನಲ್ಲಿ ಕಂಡ ಜಿಲ್ಲೆ ಇದು. ಇಲ್ಲಿ ಮೊದಲು ನೀರಾವರಿ, ಆಸ್ಪತ್ರೆ, ಬೆಳೆಗೆ ಬೆಲೆ ಬೇಕಲ್ಲವೇ? ಜೊತೆಗೆ, ಹಾವೇರಿ ವಿಶ್ವವಿದ್ಯಾಲಯವೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಹಣವಿಲ್ಲವೆಂದು ಮುಚ್ಚುವ ಮಾತು 2025ರಲ್ಲಿ ಕೇಳಿಬಂತು. ಇರುವುದನ್ನೇ ನಡೆಸಲಾಗದವರು ಹೊಸದನ್ನು ತೆರೆದು ಬೋರ್ಡು ಹಾಕಿದರೆ ಯಾರಿಗೆ ಪ್ರಯೋಜನ? ಈ ಆತಂಕ ಸಾಧಾರವಾದದ್ದು, ಅದನ್ನು ತಳ್ಳಿಹಾಕಲಾರೆ. ಅದಕ್ಕಾಗಿಯೇ ನಾನು ಹೊಸ ಕಟ್ಟಡವನ್ನಾಗಲೀ ಹೊಸ ವಿಶ್ವವಿದ್ಯಾಲಯವನ್ನಾಗಲೀ ಕೇಳುತ್ತಿಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ದೊಡ್ಡಾಟ, ಲಾವಣಿ, ಗೀಗೀ, ಪುರವಂತಿಕೆ, ಡೊಳ್ಳುಗಳನ್ನು ದಾಖಲಿಸುವುದು ಅಂಥ ವಿಶ್ವವಿದ್ಯಾಲಯದ ಮೂಲ ಕರ್ತವ್ಯ. ಆ ದಾಖಲಾತಿ ಇಂದು ಪುಸ್ತಕದಿಂದ ಮಾತ್ರ ಆಗುವಂಥದ್ದಲ್ಲ. ರಾತ್ರಿಯಿಡೀ ನಡೆಯುವ ದೊಡ್ಡಾಟದ ವೇಷ, ಬಣ್ಣ, ಹೆಜ್ಜೆಯನ್ನು ಟ್ಯೂಬ್‌ಲೈಟಿನ ಬೆಳಕಲ್ಲಿ ಹಾಳಾಗದಂತೆ ಹಿಡಿದಿಡಲು ಪಳಗಿದ ಛಾಯಾಗ್ರಾಹಕರು ಬೇಕು. ಇದ್ದ ಸಂಸ್ಥೆಯಲ್ಲೇ ಡಿಪ್ಲೊಮಾ ಶುರುವಾದರೆ ವಿದ್ಯಾರ್ಥಿಗೆ ಅಭ್ಯಾಸದ ವಸ್ತು ಸಿಗುತ್ತದೆ, ವಿಶ್ವವಿದ್ಯಾಲಯಕ್ಕೆ ದಾಖಲೆ ಸಿಗುತ್ತದೆ, ನಾಡಿಗೆ ಕಳೆದುಹೋಗುತ್ತಿರುವ ಕಲೆಗಳ ನಂಬಿಕಾರ್ಹ ಚಿತ್ರಣ ಉಳಿಯುತ್ತದೆ. ಇನ್ನು ಕೃಷಿಯೋ ಕ್ಯಾಮೆರಾವೋ ಎಂಬ ಪ್ರಶ್ನೆ. ಬೆಳೆ ಕೈಕೊಟ್ಟ ವರ್ಷ ಮನೆಯಲ್ಲಿ ಬೇರೊಂದು ವಿದ್ಯೆಯಿಂದ ದುಡಿಯುವ ಮಗನೋ ಮಗಳೋ ಇರುವುದು ರೈತ ಕುಟುಂಬಕ್ಕೆ ವಿರುದ್ಧವಾದದ್ದಲ್ಲ, ಅದೇ ಆ ಕುಟುಂಬದ ಆಸರೆ.

ಚಿಕ್ಕ ಊರಿನಲ್ಲಿ ಕಲಾಶಿಕ್ಷಣ ಬಾಳುವುದಿಲ್ಲ ಎನ್ನುವವರಿಗೆ ಹೆಗ್ಗೋಡು ಉತ್ತರ ಕೊಟ್ಟು ದಶಕಗಳಾಗಿವೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ಹಳ್ಳಿಗರಿಗೆ ತೋರಿಸಿದರು. 1980ರಲ್ಲಿ ಶುರುವಾದ ರಂಗಶಿಕ್ಷಣ ಕೇಂದ್ರದಿಂದ ಹೊರಬಂದ ನಟರು, ನಿರ್ದೇಶಕರು ಇಡೀ ಕರ್ನಾಟಕದಲ್ಲಿ ಹರಡಿದ್ದಾರೆ. ಹಾವೇರಿ ಜಿಲ್ಲೆಯಲ್ಲೂ ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಹಳ್ಳಿ ತಾನೇ ರಂಗಮಂದಿರ ಕಟ್ಟಿಕೊಂಡು ನಾಟಕ ಆಡುತ್ತ ಬಂದಿದೆ. ಊರು ದೊಡ್ಡದಾಗಿರಬೇಕೆಂದೇನೂ ಇಲ್ಲ. ನಡೆಸುವವರಲ್ಲಿ ನಿಷ್ಠೆಯಿರಬೇಕು, ಕಲಿಸುವವರಿಗೆ ಕೆಲಸ ಗೊತ್ತಿರಬೇಕು. ಒಂದು ನೆಲದ ನೋಟ ತೆರೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡು ಸಾಕ್ಷಿ. ನಿರ್ದೇಶಕ ಗಿರೀಶ ಕಾಸರವಳ್ಳಿಯವರ ‘ದ್ವೀಪ’ 49ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವಾದಾಗ, ಅದರ ಮಳೆ, ಮಂಜು, ಏರುವ ನೀರನ್ನು ಹಿಡಿದ ಛಾಯಾಗ್ರಾಹಕ ರಾಮಚಂದ್ರ ಹಾಲ್ಕೆರೆ ಅವರಿಗೂ ಪ್ರಶಸ್ತಿ ಬಂತು. ಮಲೆನಾಡಿನ ಮಳೆಯನ್ನು ಕನ್ನಡ ಸಿನಿಮಾ ಮತ್ತೆ ಮತ್ತೆ ಕಂಡಿದೆ. ಬಯಲುಸೀಮೆಯ ಅಂಚಿನ ಈ ಜಿಲ್ಲೆಯ ಎರೆಮಣ್ಣು, ಹತ್ತಿಯ ಬಿಳುಪು, ಮೆಣಸಿನ ಕೆಂಪು, ವರದೆ ತುಂಗಭದ್ರೆಯರ ದಂಡೆ ತೆರೆಯ ಮೇಲೆ ಅಷ್ಟು ನಿಕಟವಾಗಿ ಬಂದಿಲ್ಲ. ಆ ಬೆಳಕಿನಲ್ಲಿ ಬೆಳೆದವರ ಕೈಗೆ ವಿದ್ಯೆ ಸಿಗುವ ತನಕ ಬರುವುದೂ ಇಲ್ಲ.

2025–26ರ ರಾಜ್ಯ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ ಮತ್ತು ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿಯ ಯೋಜನೆ ಪ್ರಕಟವಾಯಿತು. ಚಿತ್ರನಗರಿ ಆಗಲಿ. ಆದರೆ ಸೆಟ್ಟು, ಫ್ಲೋರು, ಹೋಟೆಲು ಎಷ್ಟೇ ಕಟ್ಟಿದರೂ ಅಲ್ಲಿ ಕ್ಯಾಮೆರಾ ಹಿಡಿಯುವವರನ್ನು ಕಟ್ಟಡ ತಯಾರಿಸುವುದಿಲ್ಲ. ಆ ಮೊತ್ತದ ಪಕ್ಕದಲ್ಲಿ ಒಂದು ಡಿಪ್ಲೊಮಾ ಕೋರ್ಸಿನ ಖರ್ಚು ಲೆಕ್ಕಕ್ಕೇ ಬಾರದು. ನಾನು ಕೇಳುವುದು ಇಷ್ಟು: ಹೆಸರಘಟ್ಟದ ಪಠ್ಯಕ್ರಮಕ್ಕೆ ಹೊಂದಿಕೊಂಡ ಮೂರು ವರ್ಷದ ಡಿಪ್ಲೊಮಾ, ವರ್ಷಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿಲ್ಲದ ವಿದ್ಯಾರ್ಥಿಗಳು, ಅದರಲ್ಲಿ ಮೂರನೇ ಒಂದು ಭಾಗವಾದರೂ ಹುಡುಗಿಯರು, ದುಡಿಯುತ್ತಿರುವ ಛಾಯಾಗ್ರಾಹಕರು ವರ್ಷಕ್ಕೆ ಕೆಲವು ವಾರ ಬಂದು ನಡೆಸುವ ಕಮ್ಮಟ, ಕೊನೆಯ ವರ್ಷ ಚಿತ್ರೀಕರಣ ತಂಡವೊಂದರಲ್ಲಿ ಸಂಬಳ ಸಹಿತ ಸಹಾಯಕನ ಕೆಲಸ. ಸರ್ಕಾರದ ಸಹಾಯಧನ ಪಡೆಯುವ ಪ್ರತಿ ಚಿತ್ರವೂ ಇಂಥ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬೇಕೆಂಬ ಷರತ್ತು ಹಾಕಿದರೆ ಕೊನೆಯದಕ್ಕೆ ಪ್ರತ್ಯೇಕ ಹಣವೂ ಬೇಕಿಲ್ಲ. ಉಪಕರಣ ಮತ್ತು ಅಧ್ಯಾಪಕರು ಸಿದ್ಧವಾಗುವ ಮುನ್ನ ಪ್ರವೇಶ ಕೊಡಬಾರದು. ಬೋರ್ಡು ಮೊದಲು, ಪಾಠ ಆಮೇಲೆ ಎಂಬ ರೂಢಿ ಇಲ್ಲಿಗೆ ಬೇಡ.

ಮೂರ್ತಿಯವರು ಪಾಲಿಟೆಕ್ನಿಕ್ ಸೇರಿದ್ದು 1943ರಲ್ಲಿ, ಫಾಲ್ಕೆ ಪ್ರಶಸ್ತಿ ಅವರ ಕೈಸೇರಿದ್ದು 2010ರಲ್ಲಿ. ನಡುವೆ 67 ವರ್ಷ. ಕಲಿಕೆಗೆ ಹಾಕಿದ ಬಂಡವಾಳ ಇಷ್ಟು ದೂರ ಸಾಗಿ ಫಲ ಕೊಡುತ್ತದೆ. ಅದಕ್ಕೇ ಐದು ವರ್ಷದ ರಾಜಕಾರಣಕ್ಕೆ ಅದರಲ್ಲಿ ಆಸಕ್ತಿ ಕಡಿಮೆ. ಹಾಗಾಗಿ ಕೇಳುವ ಹೊಣೆ ಜನರದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಈ ಬೇಡಿಕೆಯನ್ನು ಒಟ್ಟಾಗಿ ಇಡಬೇಕು. ಜಿಲ್ಲೆಯ ಛಾಯಾಗ್ರಾಹಕರ ಸಂಘಗಳು, ರಂಗ ತಂಡಗಳು, ಕಾಲೇಜುಗಳು ಅವರ ಬೆನ್ನಿಗೆ ನಿಲ್ಲಬೇಕು. ಪ್ರಶಸ್ತಿ ಬಂದ ಮೇಲೆ ಸನ್ಮಾನ ಮಾಡುವುದು ಯಾವ ಸರ್ಕಾರಕ್ಕೂ ಸುಲಭ. ಕಲಿಯುವ ವಯಸ್ಸಿನಲ್ಲಿ, ಕಲಿಯುವವರ ಊರಿನಲ್ಲಿ ತರಗತಿ ತೆರೆಯುವುದೇ ಸರ್ಕಾರದ ನಿಜವಾದ ಕೆಲಸ, ಮತ್ತು ಆ ಕೆಲಸ ಹಾವೇರಿಯಲ್ಲಿ ಬಾಕಿ ಇದೆ.